ನಾಡಿ ನಿಧಾನ, ಪ್ಲೇಟ್‌ಲೆಟ್ ಕಡಿಮೆ: ಏನಿದರ ಅರ್ಥ?

ಹೋದ ಮಳೆಗಾಲದಲ್ಲಿ ಸಿಂಧನೂರಿನ ನಮ್ಮ ಕಾಕಾಗೆ ಐದು ದಿನ ಡೆಂಗಿ ಜ್ವರ. ಜ್ವರವೇನೋ ಇಳಿಯಿತು, ಆದರೆ ಕೇಸ್ ಶೀಟಿನಲ್ಲಿ ಎರಡು ಪದ ಕೂತಿದ್ದವು: ಬ್ರಾಡಿಕಾರ್ಡಿಯಾ, ಥ್ರಾಂಬೊಸೈಟೋಪೀನಿಯಾ. ನಾಡಿ 52, ಪ್ಲೇಟ್‌ಲೆಟ್ 68,000. "ಏನೋ ತಮ್ಮಾ, ಹಾರ್ಟೂ ಕೆಟ್ಟತು, ರಕ್ತಾನೂ ಕೆಟ್ಟತು ಅಂದ್ರ ಹೆಂಗ?" ಅಂತ ಕೇಳಿದರು.

ಎರಡೂ ಗ್ರೀಕ್ ಮೂಲದ ಪದಗಳು. ಬ್ರಾಡಿ ಅಂದರೆ ನಿಧಾನ, ಕಾರ್ಡಿಯಾ ಅಂದರೆ ಹೃದಯ. ದೊಡ್ಡವರಿಗೆ ಸುಮ್ನೆ ಕೂತಾಗ ನಾಡಿ ನಿಮಿಷಕ್ಕೆ 60ಕ್ಕಿಂತ ಕಡಿಮೆ ಇದ್ದರೆ ಈ ಹೆಸರು. ಆದರೆ ಹೊಲದಲ್ಲಿ ದುಡಿದು ಗಟ್ಟಿಯಾದವರಿಗೆ 50ರ ಆಸುಪಾಸು ಇದ್ದರೂ ಅದು ರೋಗ ಆಗಿರಲೇಬೇಕು ಅಂತಿಲ್ಲ. ಥ್ರಾಂಬೊ ಅಂದರೆ ಹೆಪ್ಪು, ಸೈಟೊ ಅಂದರೆ ಕಣ, ಪೀನಿಯಾ ಅಂದರೆ ಕೊರತೆ (ಬೆಂಗಳೂರಿನ ಪೀಣ್ಯ ಅಲ್ಲ). ಈ ಹೆಪ್ಪುಗಟ್ಟಿಸುವ ಕಣವೇ ಪ್ಲೇಟ್‌ಲೆಟ್. ಒಂದು ಮೈಕ್ರೊಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರಬೇಕು, ಅದಕ್ಕಿಂತ ಇಳಿದರೆ ಈ ಹೆಸರು. ನಮ್ಮ ಕಡೆ ಇದನ್ನೇ "ಬಿಳಿ ರಕ್ತಕಣ ಇಳಿದಾವ" ಅಂತಾರೆ. ಅದು ತಪ್ಪು. ಬಿಳಿ ರಕ್ತಕಣ ಸೋಂಕಿನ ಜೊತೆ ಹೋರಾಡುವುದು, ಪ್ಲೇಟ್‌ಲೆಟ್ ಗಾಯದ ಬಾಯಿ ಮುಚ್ಚುವುದು.

ಎರಡೂ ಒಟ್ಟಿಗೆ ಬಂದರೆ ಮೊದಲು ಕೇಳಬೇಕಾದ್ದು ಜ್ವರದ ಬಗ್ಗೆ. ಸಾಮಾನ್ಯವಾಗಿ ಜ್ವರ ಏರಿದಂತೆ ನಾಡಿಯೂ ಏರುತ್ತದೆ. ಟೈಫಾಯಿಡ್‌ನಲ್ಲಿ ಕೆಲವರಿಗೆ ಹಾಗೆ ಏರುವುದೇ ಇಲ್ಲ, ಮೈ ಸುಡುತ್ತಿರುತ್ತದೆ, ನಾಡಿ ಮಾತ್ರ ಆರಾಮಾಗಿ ಹೊಡೆಯುತ್ತಿರುತ್ತದೆ, ಪ್ಲೇಟ್‌ಲೆಟ್ ಕೂಡ ಇಳಿಯಬಹುದು. ಡೆಂಗಿಯಲ್ಲಿ ಜ್ವರ ಬಿಟ್ಟು ಚೇತರಿಸಿಕೊಳ್ಳುವಾಗ ನಾಡಿ ನಿಧಾನ ಆಗುವುದುಂಟು, ಹೆಚ್ಚಾಗಿ ತಾನೇ ಸರಿಹೋಗುತ್ತದೆ. ನಮ್ಮ ಸಿಂಧನೂರು, ಗಂಗಾವತಿ ಕಡೆ ಭತ್ತದ ಗದ್ದೆ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇಲಿ ಜ್ವರದ ಅನುಮಾನವನ್ನೂ ಇಟ್ಟುಕೊಳ್ಳಬೇಕು, ಅದು ಪ್ಲೇಟ್‌ಲೆಟ್ ಇಳಿಸುತ್ತದೆ, ಕೆಲವೊಮ್ಮೆ ಹೃದಯಕ್ಕೂ ಕೈ ಹಾಕುತ್ತದೆ.

ಇನ್ನೊಂದು ವಿಷಯ. ಎರಡಕ್ಕೂ ಒಂದೇ ಕಾರಣ ಇರಲೇಬೇಕು ಅಂತೇನಿಲ್ಲ. ಕಾಕಾ ವರ್ಷಗಳಿಂದ ಬಿಪಿಗೆ ಮೆಟೊಪ್ರೊಲಾಲ್ ನುಂಗುತ್ತಾರೆ, ಆ ಮಾತ್ರೆಯ ಕೆಲಸವೇ ನಾಡಿಯನ್ನು ನಿಧಾನ ಮಾಡುವುದು! ಡಾಕ್ಟರು ಕೇಳುವವರೆಗೆ ಮನೆಯಲ್ಲಿ ಯಾರಿಗೂ ಇದನ್ನು ಹೇಳಬೇಕು ಅನ್ನಿಸಿರಲಿಲ್ಲ. ಹಾಗಂತ ಆ ಮಾತ್ರೆಯನ್ನು ನಾವೇ ನಿಲ್ಲಿಸಿಬಿಡುವುದೂ ಅಪಾಯ. ಥೈರಾಯ್ಡ್ ಕಡಿಮೆ ಇದ್ದರೂ ನಾಡಿ ನಿಧಾನ. ಕುಡಿತ, ಲಿವರ್ ತೊಂದರೆ ಇದ್ದರೂ ಪ್ಲೇಟ್‌ಲೆಟ್ ಕಡಿಮೆ. ಒಮ್ಮೊಮ್ಮೆ ರಕ್ತ ತೆಗೆದಿಟ್ಟ ಟ್ಯೂಬಿನಲ್ಲೇ ಪ್ಲೇಟ್‌ಲೆಟ್ ಗುಂಪುಗಟ್ಟಿ ಮಷಿನ್ನು ಕಡಿಮೆ ಎಣಿಸುತ್ತದೆ, ಅದಕ್ಕೇ ಮತ್ತೊಮ್ಮೆ ಪರೀಕ್ಷೆ.

ತಲೆಸುತ್ತಿ ಬಿದ್ದರೆ, ಉಸಿರು ಕಟ್ಟಿದರೆ, ವಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ, ಹೊಟ್ಟೆ ವಿಪರೀತ ನೋವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಡೆಂಗಿ ಅನುಮಾನ ಇದ್ದಾಗ ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ರಕ್ತಸ್ರಾವ ಜಾಸ್ತಿ ಆಗಬಹುದು.

ನಾಲ್ಕು ದಿನದಲ್ಲಿ ಕಾಕಾನ ಪ್ಲೇಟ್‌ಲೆಟ್ 1.6 ಲಕ್ಷಕ್ಕೆ ಬಂತು. ಡೆಂಗಿ ಇಳಿದಂತೆ ಅದು ತಾನಾಗೇ ಏರುತ್ತದೆ ಅಂತ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. "ಪಪ್ಪಾಯಿ ಎಲಿ ರಸ ಕೆಲಸ ಮಾಡ್ತು ನೋಡು" ಅಂತ ಈಗಲೂ ಓಣಿಗೆಲ್ಲ ಹೇಳುತ್ತಾರೆ.