ಕೂವೆ ಹುಡಿಯೂ ಜ್ವರದ ಮದ್ದೂ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಕೂವೆ (ಆರಾರೂಟ್) ಹುಡಿ ಮಾಡುವುದನ್ನು ನೋಡಿದ್ದೀರಲ್ವಾ? ಗೆಡ್ಡೆ ಅರೆದು, ಬಟ್ಟೆಯಲ್ಲಿ ಸೋಸಿ, ಆ ನೀರನ್ನು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಜೋರಾಗಿ ಒತ್ತಿದರೆ ಕಲ್ಲು. ಮೆಲ್ಲಗೆ ಒತ್ತಿದರೆ ಬೆರಳು ಒಳಗೆ ಇಳಿಯುತ್ತದೆ.

ಮಕ್ಕಳ ಜ್ವರದ ಮದ್ದಿನ ಬಾಟ್ಲಿಯೊಳಗೆ ನಡೆಯುವುದೂ ಹೆಚ್ಚುಕಮ್ಮಿ ಇದೇ. ಪ್ಯಾರಾಸಿಟಮಾಲ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಸಸ್ಪೆನ್ಶನ್ ಅಂದರೆ ಅದರ ನುಣ್ಣನೆ ಹುಡಿ ದ್ರವದಲ್ಲಿ ತೇಲುತ್ತಿರುವುದು. ಕುಲುಕದೆ ಕೊಟ್ಟರೆ ಮೊದಮೊದಲು ಮದ್ದು ಕಮ್ಮಿ, ಬಾಟ್ಲಿ ಮುಗಿಯುವಾಗ ಜಾಸ್ತಿ.

ಹುಡಿ ಎಷ್ಟು ಬೇಗ ಇಳಿಯುತ್ತದೆ ಎಂಬ ಲೆಕ್ಕವನ್ನು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲೇ ಕೊಟ್ಟಿದ್ದರು. ಕಣದ ಗಾತ್ರ ಅರ್ಧವಾದರೆ ವೇಗ ಕಾಲು ಭಾಗ. ಹಾಗಾದರೆ ನುಣ್ಣಗೆ ಅರೆದರೆ ಆಯ್ತಲ್ಲ? ಇಲ್ಲ. ನುಣ್ಣನೆ ಕಣ ಒಂದೊಂದಾಗಿ ನಿಧಾನಕ್ಕೆ ಇಳಿದು, ಒಂದರ ಸಂದಿಯಲ್ಲಿ ಒಂದು ಸೇರಿಕೊಂಡು ಗಟ್ಟಿ ಹೆಪ್ಪಾಗುತ್ತದೆ, ಆಮೇಲೆ ಎಷ್ಟು ಕುಲುಕಿದರೂ ಅದು ಏಳುವುದಿಲ್ಲ.

1906ರಲ್ಲಿ ಐನ್‌ಸ್ಟೈನ್ ಇನ್ನೊಂದು ಲೆಕ್ಕ ಹಾಕಿದರು: ಕಣ ಸೇರಿದರೆ ದ್ರವ ಎಷ್ಟು ದಪ್ಪವಾಗುತ್ತದೆ? ಅದರಲ್ಲೊಂದು ತಪ್ಪಿತ್ತು, 1911ರಲ್ಲಿ ಸರಿಮಾಡಿದರು. ನೂರಕ್ಕೆ ಎರಡು ಪಾಲು ಕಣ ಇದ್ದರೆ ದಪ್ಪ ನೂರಕ್ಕೆ ಐದು ಪಾಲು ಏರುತ್ತದೆ. ಆದರೆ ಇದು ತೆಳು ದ್ರವದ ಮಾತು. ಬಾಟ್ಲಿಯ ಮೇಲ್ಭಾಗ ತೆಳುವಾಗಿದ್ದರೂ ತಳದ ಪದರದಲ್ಲಿ ಕಣಗಳು ಒತ್ತೊತ್ತಾಗಿ ಕೂತಿರುತ್ತವೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಂಥ ದಟ್ಟ ದ್ರವಕ್ಕೆ 1959ರಲ್ಲಿ ಕ್ರೀಗರ್ ಮತ್ತು ಡೌಗರ್ಟಿ ಎಂಬ ವಿಜ್ಞಾನಿಗಳು ಸೂತ್ರ ಕೊಟ್ಟರು. ಒಂದೇ ಅಳತೆಯ ಗುಂಡು ಕಣಗಳನ್ನು ಸುಮ್ನೆ ಸುರಿದು ಕುಲುಕಿದರೆ ಜಾಗದ ನೂರಕ್ಕೆ ಸುಮಾರು 64 ಪಾಲು ತುಂಬುತ್ತವೆ. ಆ ಮಿತಿ ಹತ್ತಿರವಾದಂತೆ ದ್ರವ ಹರಿಯುವುದನ್ನೇ ಬಿಡುತ್ತದೆ.

ಮದ್ದು ಮಾಡುವವರು ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ. ಇಳಿಯಲಿ ಬಿಡಿ, ಆದರೆ ಸಡಿಲವಾಗಿ ಇಳಿಯಲಿ. ಅಳತೆ ನೋಡಿ ಸ್ವಲ್ಪ ಲವಣ ಹಾಕಿದರೆ ಕಣಗಳು ಹತ್ತಿಯ ಹಾಗೆ ಗುಂಪಾಗುತ್ತವೆ. ಬೇಗ ಇಳಿಯುತ್ತವೆ ನಿಜ, ಕುಲುಕಿದ ಕೂಡಲೇ ಏಳುತ್ತವೆ. ಜೊತೆಗೆ ಕ್ಸಾಂಥನ್ ಗಮ್‌ನಂಥ ಅಂಟು ಹಾಕುತ್ತಾರೆ. ಸುಮ್ಮನಿದ್ದಾಗ ದಪ್ಪ, ಕುಲುಕಿದಾಗ ತೆಳು.

‘ಚೆನ್ನಾಗಿ ಕುಲುಕಿ’ ಎಂಬ ಮಾತು ಬಾಟ್ಲಿಯ ಮೇಲೆ ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ ಇರುತ್ತದೆ. ಕನ್ನಡ ಮಾತ್ರ ಓದುವ ಅಜ್ಜಿಯಂದಿರು ಮೊಮ್ಮಕ್ಕಳಿಗೆ ಮದ್ದು ಕೊಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ದಯವಿಟ್ಟು ಅವರಿಗೆ ಬಾಯಲ್ಲೇ ಹೇಳಿ. ಕುಲುಕಿದ ಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು ತಳ ನೋಡಲಿ. ಗಟ್ಟಿ ಹೆಪ್ಪು ಹಾಗೇ ಉಳಿದಿದ್ದರೆ ಕೊಡಬಾರದು, ಮದ್ದಿನಂಗಡಿಗೆ ವಾಪಸ್ ಒಯ್ಯಲಿ.