ಹಾರ್ನ್ ಸರಿಯಾಗಿಯೇ ಕೂಗಿತ್ತು

2005ರ ಆಗಸ್ಟ್ 14ರ ಬೆಳಿಗ್ಗೆ ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ಸುಮಾರು 12,000 ಅಡಿ ಏರಿದಾಗ ಕಾಕ್‌ಪಿಟ್ಟಿನಲ್ಲಿ ಹಾರ್ನ್ ಬಿಟ್ಟುಬಿಟ್ಟು ಕೂಗತೊಡಗಿತು. ಕ್ಯಾಬಿನ್ನಿನ ಗಾಳಿ ತೆಳುವಾಗಿದೆ ಎಂಬುದು ಅದರ ಅರ್ಥ. ಪೈಲಟ್‌ಗಳು ಅದನ್ನು ಟೇಕಾಫ್ ಎಚ್ಚರಿಕೆ, ಅಂದರೆ ವಿಮಾನ ಹಾರಲು ಸರಿಯಾಗಿ ಸಜ್ಜಾಗಿಲ್ಲ ಎಂಬ ಸೂಚನೆ, ಎಂದುಕೊಂಡರು. ಎರಡಕ್ಕೂ ಸದ್ದು ಒಂದೇ. ಆದರೆ ಟೇಕಾಫ್ ಎಚ್ಚರಿಕೆ ಕೂಗುವುದು ವಿಮಾನ ನೆಲದ ಮೇಲಿರುವಾಗ ಮಾತ್ರ. ಹಾರುವಾಗ ಆ ಸದ್ದು ಬಂದರೆ ಕ್ಯಾಬಿನ್ ಒತ್ತಡವನ್ನೇ ಅನುಮಾನಿಸಬೇಕು.

ಎಂಜಿನ್ನಿನ ಕಂಪ್ರೆಸರ್‌ನಿಂದ ತೆಗೆದ ಬಿಸಿಗಾಳಿಯನ್ನು ತಣಿಸಿ ಕ್ಯಾಬಿನ್ನಿಗೆ ಒಂದೇ ಸಮನೆ ತುಂಬುತ್ತಾರೆ. ಹಿಂಬದಿಯ ಔಟ್‌ಫ್ಲೋ ವಾಲ್ವ್ ಅದನ್ನು ಅಳತೆಯಲ್ಲಿ ಹೊರಬಿಡುತ್ತದೆ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಒತ್ತಡ 8,000 ಅಡಿಯ ಬೆಟ್ಟದ ಮೇಲಿನಷ್ಟಾದರೂ ಇರಬೇಕು. ಅದು 10,000 ಅಡಿಯ ಮಟ್ಟಕ್ಕೆ ಕುಸಿದರೆ ಹಾರ್ನ್, 14,000ಕ್ಕೆ ಕುಸಿದರೆ ಪ್ರಯಾಣಿಕರ ಮಾಸ್ಕ್.

ಹಾರಾಟಕ್ಕೆ ಮುನ್ನ ತಂತ್ರಜ್ಞರು ಸೋರಿಕೆ ಪರೀಕ್ಷಿಸಲು ಒತ್ತಡದ ಸ್ವಿಚ್ಚನ್ನು ಆಟೋದಿಂದ ಮ್ಯಾನ್ಯುವಲ್‌ಗೆ ತಿರುಗಿಸಿದ್ದರು. ಅದು ಹಾಗೇ ಉಳಿಯಿತು, ವಾಲ್ವ್ ಅರೆತೆರೆದೇ ಇತ್ತು. ಸ್ವಿಚ್ಚು ಮ್ಯಾನ್ಯುವಲ್‌ನಲ್ಲಿದೆ ಎಂದು ಸೂಚಿಸುವ ದೀಪವೂ ಉರಿಯುತ್ತಿತ್ತು. ಆದರೆ ಹಸಿರು ದೀಪ ಕಂಡು ಗಾಬರಿಯಾಗುವವರು ಯಾರು?

ಗಾಳಿ ತೆಳುವಾದ್ದರಿಂದ ಉಪಕರಣ ತಂಪಿಸುವ ವ್ಯವಸ್ಥೆಯ ಎಚ್ಚರಿಕೆಯೂ ಹೊತ್ತಿತು. ಕ್ಯಾಪ್ಟನ್ ಅದರ ಬೆನ್ನು ಹತ್ತಿ, ಅದರ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂದು ಕಂಪನಿಗೆ ರೇಡಿಯೋದಲ್ಲಿ ಕೇಳುತ್ತಿದ್ದರು. ಆಮ್ಲಜನಕ ಕಡಿಮೆಯಾದರೆ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ಆ ಸಂಕಟ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡಾಗ, ಇಲ್ಲಿ ಅದು ಉಸಿರಿನ ಜೊತೆ ಹೊರಹೋಗುತ್ತಲೇ ಇರುತ್ತದೆ. ಮೊದಲು ಮಂಕಾಗುವುದು ವಿವೇಚನೆ; ಕೆಲವರಿಗೆ ಖುಷಿಯೂ ಆಗುತ್ತದೆ. ಪೈಲಟ್‌ಗಳು ಪ್ರಜ್ಞೆ ತಪ್ಪಿದರು; ಆಟೋಪೈಲಟ್ ವಿಮಾನವನ್ನು 34,000 ಅಡಿಗೆ ಒಯ್ದಿತು. ಇಂಧನ ತೀರಿ ಗ್ರೀಸ್‌ನ ಗ್ರಮ್ಮಾಟಿಕೋ ಬಳಿ ಅದು ಬಿದ್ದಾಗ 121 ಮಂದಿ ಸತ್ತರು.

ಬಾಗಿಲೋ ಕಿಟಕಿಯೋ ಕಿತ್ತುಹೋದರೆ ಗುರುತಿಸುವುದು ಕಷ್ಟವಲ್ಲ: ದೊಡ್ಡ ಸದ್ದು, ಒಳಗೆಲ್ಲ ಮಂಜು, ಕಿವಿನೋವು. ಅಪಾಯವಿರುವುದು ನಿಧಾನ ಸೋರಿಕೆಯಲ್ಲಿ. ಅದನ್ನು ಹಿಡಿಯಲು ಮೇಲೇರುವಾಗಲೇ ಮಾಪಕದ ಎರಡು ಮುಳ್ಳುಗಳನ್ನು ನೋಡಬೇಕು. ಒಳ-ಹೊರ ಒತ್ತಡದ ವ್ಯತ್ಯಾಸ ಹೆಚ್ಚುತ್ತಾ ಹೋಗಬೇಕು; ಕ್ಯಾಬಿನ್ನಿನ ಎತ್ತರ, ಅಂದರೆ ಒಳಗಿನ ಒತ್ತಡ ಎಷ್ಟು ಅಡಿ ಎತ್ತರದ್ದೋ ಅದು, ನಿಮಿಷಕ್ಕೆ ಕೆಲವು ನೂರು ಅಡಿಯಷ್ಟೇ ಏರಬೇಕು. ವಿಮಾನದ ವೇಗದಲ್ಲೇ ಅದೂ ಏರುತ್ತಿದ್ದರೆ ಒತ್ತಡ ನಿಲ್ಲುತ್ತಿಲ್ಲ ಎಂದೇ ಲೆಕ್ಕ.

ಹಾರ್ನ್ ಕೂಗಿತೆಂದರೆ ಕಾರಣ ಹುಡುಕುತ್ತಾ ಕೂರುವಂತಿಲ್ಲ. ಮೊದಲು ಮಾಸ್ಕ್, ನೂರಕ್ಕೆ ನೂರು ಆಮ್ಲಜನಕ. ಜೊತೆಗಾರನ ಜೊತೆ ಮಾತು ಸರಿಯಾಗಿ ಕೇಳಿಸುತ್ತಿದೆಯೇ ಎಂಬ ಖಾತ್ರಿ. ಆಮೇಲೆ ಮ್ಯಾನ್ಯುವಲ್‌ನಲ್ಲಿ ವಾಲ್ವ್ ಮುಚ್ಚುವುದು. ಹತೋಟಿಗೆ ಬಾರದಿದ್ದರೆ 10,000 ಅಡಿಗೆ ತುರ್ತು ಇಳಿತ, ಕೆಳಗೆ ಬೆಟ್ಟಗಳಿದ್ದರೆ ಸುರಕ್ಷಿತ ಕನಿಷ್ಠ ಎತ್ತರಕ್ಕೆ. ಸುಮಾರು 35,000 ಅಡಿಯಲ್ಲಿ ಒತ್ತಡ ಏಕಾಏಕಿ ಹೋದರೆ ಕೆಲಸಕ್ಕೆ ಬರುವಷ್ಟು ಪ್ರಜ್ಞೆ ಉಳಿಯುವುದು ಸುಮಾರು 15ರಿಂದ 30 ಸೆಕೆಂಡ್.

2018ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಎಂಜಿನ್ನಿನ ಗಾಳಿಯನ್ನು ಕ್ಯಾಬಿನ್ನಿಗೆ ಹರಿಸುವ ಬ್ಲೀಡ್ ಸ್ವಿಚ್ಚನ್ನೇ ಹಾಕಿರಲಿಲ್ಲ. ಹಲವು ಪ್ರಯಾಣಿಕರ ಮೂಗು, ಕಿವಿಯಿಂದ ರಕ್ತ ಬಂತು. ವಿಮಾನ ಮುಂಬೈಗೆ ಮರಳಿತು.

ಹೀಲಿಯೋಸ್ ನಂತರ 737ರಲ್ಲಿ ಎರಡು ಎಚ್ಚರಿಕೆಗಳಿಗೂ ಬೇರೆಬೇರೆ ದೀಪಗಳು ಬಂದವು. ಗಗನಸಖಿಯರ ಪಾತ್ರವೂ ಇಲ್ಲಿ ದೊಡ್ಡದು. ಪ್ರಯಾಣಿಕರ ಮಾಸ್ಕ್‌ಗಳಲ್ಲಿ ಆಮ್ಲಜನಕ ಬರುವುದು ಸುಮಾರು 12 ನಿಮಿಷ. ಮಾಸ್ಕ್ ಬಿದ್ದ ಮೇಲೂ ವಿಮಾನ ಏರುತ್ತಲೇ ಇದ್ದರೆ, ಪೈಲಟ್‌ಗಳು ನೋಡಿಕೊಳ್ಳುತ್ತಾರೆ ಎಂದು ಕಾಯದೆ ತಕ್ಷಣ ಕಾಕ್‌ಪಿಟ್ಟಿಗೆ ಫೋನ್ ಮಾಡಬೇಕು.