ಗೆದ್ದ ಸ್ಪರ್ಧೆಯನ್ನೇ ಕೈಬಿಟ್ಟಾಗ: ಕ್ರಿಸ್ ಹೊಯ್ ನಡೆದ ದಾರಿ

ಕೊಡಗಿನಲ್ಲಿ ಹಾಕಿ ಗೊತ್ತಿರುವವರಿಗೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಗೊತ್ತು. ಆ ಸಲ ಹುಲ್ಲಿನ ಬದಲು ಆಸ್ಟ್ರೋಟರ್ಫ್, ಅಂದರೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ನಮ್ಮ ಬಿ.ಪಿ. ಗೋವಿಂದ ಇದ್ದ ಭಾರತ ತಂಡ ಏಳನೇ ಸ್ಥಾನಕ್ಕೆ ಇಳಿಯಿತು. ಆಟಗಾರರ ಕೈಚಳಕ ಎಲ್ಲಿಗೂ ಹೋಗಿರಲಿಲ್ಲ, ನೆಲವೇ ಬದಲಾಗಿತ್ತು.

ಸ್ಕಾಟ್ಲೆಂಡಿನ ಟ್ರ್ಯಾಕ್ ಸೈಕ್ಲಿಸ್ಟ್ ಕ್ರಿಸ್ ಹೊಯ್‌ಗೂ ಹೀಗೇ ಆಯಿತು. ಆರು ಒಲಿಂಪಿಕ್ ಚಿನ್ನ, ಒಂದು ಬೆಳ್ಳಿ ಅಂತ ಓದಿದರೆ ಸಲೀಸಾಗಿ ಗೆದ್ದಂತೆ ಕಾಣುತ್ತದೆ. ಹಾಗಿರಲಿಲ್ಲ.

ಅವರ ಸ್ಪರ್ಧೆ 'ಕಿಲೋ'. ಒಂದು ಕಿಲೋಮೀಟರ್, ಗಡಿಯಾರದ ಎದುರು ಒಬ್ಬರೇ. 250 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸೈಕಲ್‌ಗೆ ಒಂದೇ ಗೇರ್, ಬ್ರೇಕ್ ಇಲ್ಲ. ಹಿಂದಿನ ಚಕ್ರವನ್ನು ಯಂತ್ರ ಹಿಡಿದಿರುತ್ತದೆ, ಬಿಟ್ಟ ಕ್ಷಣ ಸೀಟಿನಿಂದ ಎದ್ದು ಪೂರ್ತಿ ಮೈಭಾರ ಹಾಕಿ ತುಳಿಯಬೇಕು. ಕೊನೇ ಸುತ್ತಿಗೆ ಬರುವಷ್ಟರಲ್ಲಿ ಕಾಲು ಉರಿಯುತ್ತಿರುತ್ತದೆ. 2004ರ ಅಥೆನ್ಸ್‌ನಲ್ಲಿ ಹೊಯ್ ಎಲ್ಲರಿಗಿಂತ ಕೊನೆಗೆ ಹೊರಟರು. ಫ್ರಾನ್ಸಿನ ಅರ್ನೋ ಟೂರ್ನಾಂ ಆಗಲೇ 1 ನಿಮಿಷ 0.896 ಸೆಕೆಂಡಿನಲ್ಲಿ ಮುಗಿಸಿದ್ದರು. ಹೊಯ್ 1 ನಿಮಿಷ 0.711ಕ್ಕೆ ಬಂದು ಚಿನ್ನ ಗೆದ್ದರು.

ಮರುವರ್ಷವೇ ಕಿಲೋವನ್ನು ಒಲಿಂಪಿಕ್ಸ್‌ನಿಂದ ತೆಗೆಯುವ ತೀರ್ಮಾನ ಬಂತು. 1928ರಿಂದ ಇದ್ದ ಸ್ಪರ್ಧೆ ಅದು. ಬಿಎಂಎಕ್ಸ್‌ಗೆ, ಅಂದರೆ ಮಣ್ಣಿನ ದಿಬ್ಬಗಳ ಮೇಲೆ ಚಿಕ್ಕ ಸೈಕಲ್ ಹಾರಿಸುವ ರೇಸಿಗೆ, ಜಾಗ ಬೇಕಿತ್ತು. ಹೊಸ ಆಟ ಬರಬೇಕು, ಸರಿ. ಆದರೆ ಒಲಿಂಪಿಕ್ ಚಾಂಪಿಯನ್‌ಗೆ ಪಟ್ಟ ಉಳಿಸಿಕೊಳ್ಳುವ ಅವಕಾಶವೇ ಇಲ್ಲ ಅಂದರೆ ಹೇಗೆ? ಹೊಯ್ ಚಿಕ್ಕವರಿದ್ದಾಗ ಓಡಿಸುತ್ತಿದ್ದದ್ದೂ ಬಿಎಂಎಕ್ಸೇ.

ಆಗ ವಯಸ್ಸು 29. ಅವರು ಜಪಾನಿಗೆ ಹೋಗಿ ಕೀರಿನ್ ಓಡಿಸಿದರು. ಒಲಿಂಪಿಕ್ಸ್‌ನ ಕೀರಿನ್‌ನಲ್ಲಿ ಹಲವರು ಒಟ್ಟಿಗೆ ಓಡಿಸುತ್ತಾರೆ. ಅವರ ಮುಂದೆ ಹೋಗುವ ಚಿಕ್ಕ ಮೋಟಾರು ಸೈಕಲ್ ನಿಧಾನವಾಗಿ ವೇಗ ಹೆಚ್ಚಿಸಿ ಪಕ್ಕಕ್ಕೆ ಸರಿಯುತ್ತದೆ, ಆಮೇಲೆ ಗುದ್ದಾಟ. ಒಬ್ಬರೇ ಓಡಿ ಅಭ್ಯಾಸವಾದವರಿಗೆ ಮೈಗೆ ಮೈ ತಾಗುವ ಸ್ಪರ್ಧೆ ಸುಮ್ನೆ ಒಗ್ಗುವುದಿಲ್ಲ. ಎದುರಾಳಿಯ ಭುಜ ನೋಡಿ ಅವನ ಮುಂದಿನ ನಡೆ ಊಹಿಸುವುದನ್ನು ಮೊದಲಿನಿಂದ ಕಲಿಯಬೇಕು. 2007ರಲ್ಲಿ ಕೀರಿನ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಬೊಲಿವಿಯಾದ ಲಾ ಪಾಸ್‌ನಲ್ಲಿ, ಗಾಳಿ ತೆಳುವಾದ ಎತ್ತರದಲ್ಲಿ, ಕಿಲೋ ವಿಶ್ವದಾಖಲೆಗೆ ಪ್ರಯತ್ನಿಸಿದರು. 0.005 ಸೆಕೆಂಡಿನಲ್ಲಿ ತಪ್ಪಿತು. ಒಲಿಂಪಿಕ್ಸ್‌ನಲ್ಲಿ ಇಲ್ಲದ ಸ್ಪರ್ಧೆಗೆ ಅಷ್ಟು ದೂರ ಹೋದರು ಅಂದರೆ ಅದರ ಮೇಲೆ ಎಷ್ಟು ಪ್ರೀತಿ ಇತ್ತು, ಅಲ್ವಾ?

2008ರ ಬೀಜಿಂಗ್‌ನಲ್ಲಿ ಕೀರಿನ್, ಇಬ್ಬರು ಎದುರುಬದುರಾಗುವ ಸ್ಪ್ರಿಂಟ್, ಮೂವರ ತಂಡ ಸ್ಪ್ರಿಂಟ್, ಮೂರರಲ್ಲೂ ಚಿನ್ನ.

ನಿಯಮ ಮತ್ತೆ ಬದಲಾಯಿತು. 2012ರ ಲಂಡನ್‌ಗೆ ಸ್ಪ್ರಿಂಟ್‌ನಲ್ಲಿ ದೇಶಕ್ಕೆ ಒಬ್ಬರೇ ಅಂತ ಮಾಡಿದರು. ಆ ಜಾಗ ಕಿರಿಯ ಜೊತೆಗಾರ ಜೇಸನ್ ಕೆನ್ನಿಗೆ ಹೋಯಿತು, ಚಿನ್ನವೂ ಬಂತು. ಗೆದ್ದ ಪಟ್ಟ ಉಳಿಸಿಕೊಳ್ಳುವ ಅವಕಾಶ ಹೊಯ್‌ಗೆ ಎರಡನೇ ಸಲವೂ ತಪ್ಪಿತು. ಉಳಿದ ಎರಡರಲ್ಲಿ ಚಿನ್ನ ಗೆದ್ದು 2013ರಲ್ಲಿ ನಿವೃತ್ತರಾದರು.

ಕಿಲೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇನ್ನೂ ಇದೆ. ಒಲಿಂಪಿಕ್ಸ್‌ನಲ್ಲಿ ಪ್ರತ್ಯೇಕ ಪದಕದ ಸ್ಪರ್ಧೆಯಾಗಿ 2024ರ ಪ್ಯಾರಿಸ್‌ವರೆಗೂ ಮರಳಲಿಲ್ಲ.